ನಮ್ಮ ಓಣಿಯ ನೀಲಿ ಎಣ್ಣೆ

ಮಾಣಿಕಪ್ಪ ನಕ್ಕರೂ ಶ್ರೀನಿವಾಸರಾಯರಿಗೆ ಅನುಮಾನ, ನಗದೆ ಸುಮ್ಮನೆ ಕೂತರೂ ಅನುಮಾನ. ನಕ್ಕರೆ, ಕದ್ದ ಎಣ್ಣೆಯ ದುಡ್ಡು ಅವನನ್ನು ನಗಿಸುತ್ತಿದೆ ಎಂದುಕೊಳ್ಳುವರು. ಸುಮ್ಮನೆ ಕೂತರೆ, ಸಿಕ್ಕಿಬೀಳುವ ಭಯ ಒಳಹೊಕ್ಕಿದೆ ಎಂದುಕೊಳ್ಳುವರು. ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ಸಹಸ್ರನಾಮಕ್ಕೆ ಕೂತರೆ ನಾಲಿಗೆ ತನ್ನ ಪಾಡಿಗೆ ನಾಮಗಳನ್ನು ಹೇಳಿಕೊಂಡು ಹೋಗುತ್ತಿತ್ತು. ಮನಸ್ಸು ಮಾತ್ರ ಎದ್ದು ಹೋಗಿ ಮಾಣಿಕಪ್ಪ ನಡೆಸುವ ರೇಷನ್ ಡಿಪೋದ ಬಾಗಿಲಲ್ಲಿ ನಿಲ್ಲುತ್ತಿತ್ತು.

ರಾಯರು ಕಮಲಾಪುರದ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಮಗ ನರಸಿಂಹ, ಸೊಸೆ ಸಾವಿತ್ರಿ. ಮಗ ಅಲ್ಲಿಯೇ ಹೈಸ್ಕೂಲಿನಲ್ಲಿ ಮಾಸ್ತರ. ಹೆಂಡತಿ ಪಾರ್ವತೀಬಾಯಿ ಆ ವರ್ಷ ಶ್ರಾವಣದಲ್ಲಿ, ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದರು. ಅವರು ಹೋದ ಮುಂದಿನ ತಿಂಗಳಿಂದಲೇ ಓಣಿಗೆ ಎಣ್ಣೆ ಬರುವುದು ನಿಂತಿತು.

ಸರ್ಕಾರದ ಕಾಗದದಲ್ಲಿ ಅದರ ಹೆಸರು ಸೀಮೆಎಣ್ಣೆ. ಕಮಲಾಪುರದವರ ಬಾಯಲ್ಲಿ ಗ್ಯಾಸೆಣ್ಣಿ. ಅವಸರವಿದ್ದರೆ ಬರೀ ಗ್ಯಾಸ. ರೇಷನ್ನಿನ ಎಣ್ಣೆ ಅಂಗಡಿಯ ಎಣ್ಣೆಯಲ್ಲಿ ಬೆರೆಯಬಾರದೆಂದು ಸರ್ಕಾರ ಅದಕ್ಕೆ ನೀಲಿ ಬಣ್ಣ ಹಾಕಿ ಕಳಿಸುತ್ತಿತ್ತು. ಓಣಿಯ ಸ್ಟೋಗಳೆಲ್ಲ ಉರಿಯುತ್ತಿದ್ದುದು ಆ ನೀಲಿ ಎಣ್ಣೆಯಿಂದ.

ಅದು ಎರಡು ಸಾವಿರನೆಯ ಇಸವಿ. ಡೀಸೆಲ್ ಬೆಲೆ ಏರಿತ್ತು, ರೇಷನ್ ಎಣ್ಣೆಯ ಬೆಲೆಯೂ ಏರಿತ್ತು. ನರಸಿಂಹ ದಿನಾ ಪತ್ರಿಕೆ ಓದಿ ಹೇಳುತ್ತಿದ್ದ. ಹೊರದೇಶದಿಂದ ತರಿಸುವ ಎಣ್ಣೆ ತುಟ್ಟಿಯಾಗಿದೆ, ಸರ್ಕಾರಕ್ಕೆ ಆ ಭಾರ ಹೊರಲು ಆಗುತ್ತಿಲ್ಲ, ಬಡವರಿಗೆಂದು ಕಡಿಮೆ ದರದಲ್ಲಿ ಕೊಡುವ ಎಣ್ಣೆಯನ್ನು ಅನುಕೂಲಸ್ಥರೂ ತೆಗೆದುಕೊಳ್ಳುತ್ತಿದ್ದಾರೆ, ಅಂಥವರ ಹೆಸರು ತೆಗೆದುಹಾಕಿ ಖರ್ಚು ಉಳಿಸಬೇಕಾಗಿದೆ.

"ಖಜಾನಿ ಖಾಲಿ ಆಗ್ಯದಂತ ಅಪ್ಪಾ," ಎಂದ ಒಂದು ದಿನ.

"ಹ್ಯಾಂಗ ಖಾಲಿ ಆತು ಅಂತ ದಿಲ್ಲಿಯವರು ನಮ್ಮ ಮಾಣಿಕಪ್ಪನ್ನ ಕೇಳ್ಲಿ. ಹೇಳ್ತಾನ," ಎಂದರು ರಾಯರು.

ಡಿಪೋಕ್ಕೆ ಹೋದಾಗಲೆಲ್ಲ ಒಂದೇ ಮಾತು.

"ನಿಮ್ಮ ಓಣಿಗಿ ಬಂದಿಲ್ರಿ ರಾಯರ. ಆಫೀಸಿನವರು ಹೆಸರು ಕಡದಾರ."

"ಯಾಕ ಕಡದಾರ?"

"ನನಗೇನು ಹೇಳ್ತಾರ್ರಿ? ಇಷ್ಟು ಕೊಡು ಅಂದ್ರ ಕೊಡಬೇಕು, ಕೊಡಬ್ಯಾಡ ಅಂದ್ರ ಬಿಡಬೇಕು."

"ಹಿಂದಿನ ಓಣಿಗಿ ಕೊಡ್ಲಿಕತ್ತೀ, ಬಸ್‌ಸ್ಟ್ಯಾಂಡಿನ ಕಡೆಯವರಿಗಿ ಕೊಡ್ಲಿಕತ್ತೀ. ನಮ್ಮ ಓಣಿ ಒಂದೇ ಏನು ಪಾಪ ಮಾಡ್ಯದ?"

"ಪಾಪದ ಲೆಕ್ಕ ನಿಮಗ ಗೊತ್ತಿರಬೇಕು, ನೀವು ಶಾಸ್ತ್ರ ಓದಿದವರು," ಎಂದು ಮಾಣಿಕಪ್ಪ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಆ ನಗು ರಾಯರ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮಾಣಿಕಪ್ಪನ ಅಪ್ಪ ಮಹಾದೇವಪ್ಪ ಊರಿನ ಬಾಳೆತೋಟಗಳಲ್ಲಿ ಕೆಂಪು ಬಾಳೆಯ ಗೊನೆ ಹೊರುತ್ತಿದ್ದ. ರಾಯರ ಮನೆಗೆ ಗೊನೆ ತಂದರೆ ಅಂಗಳದ ಆಚೆಯೇ ಇಳಿಸಿ, ಅಲ್ಲಿಂದಲೇ ಕೂಗುತ್ತಿದ್ದ. ಈಗ ಅವನ ಮಗ ಪಿ.ಯು.ಸಿ. ಓದಿ, ಬಾಬಾಸಾಹೇಬರ ಪಟ ಹಾಕಿದ ಗೋಡೆಗೆ ಒರಗಿ ಕುರ್ಚಿಯ ಮೇಲೆ ಕೂತಿರುತ್ತಾನೆ. ರಾಯರು ಡಬ್ಬಿ ಹಿಡಿದು ಕಟ್ಟೆಯ ಕೆಳಗೆ ನಿಂತಿರುತ್ತಾರೆ. ತಾವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲವೆಂದೇ ರಾಯರು ತಿಳಿದಿದ್ದರು. ಆದರೆ ಅದೇ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತು 'ಬಂದಿಲ್ಲ' ಎಂದಿದ್ದರೆ ಅಷ್ಟು ಬೇಗ ಕಳ್ಳನೆನ್ನುತ್ತಿರಲಿಲ್ಲವೇನೋ.

ಒಮ್ಮೆ ಅನುಮಾನ ಹುಟ್ಟಿದ ಮೇಲೆ ಅದಕ್ಕೆ ಬೇಕಾದದ್ದೆಲ್ಲ ದಾರಿಯಲ್ಲೇ ಸಿಗುತ್ತದೆ. ಮಾಣಿಕಪ್ಪ ಒಂದು ಮೊಪೆಡ್ ಕೊಂಡಿದ್ದ. ತಗಡಿನ ಮನೆಗೆ ಸ್ಲ್ಯಾಬ್ ಹಾಕಿಸುತ್ತಿದ್ದ. ಓಣಿಯ ವಹಾಬ್ ಲಾರಿ ಓಡಿಸುವವನು. ಅವನನ್ನು ತಡೆದು ರಾಯರು ಕೇಳಿದರು.

"ವಹಾಬ್, ಈ ನೀಲಿ ಎಣ್ಣಿ ಲಾರಿಗಿ ಹಾಕ್ತಾರಂತಲ್ಲ, ಖರೇನ?"

"ಡೀಸೆಲ್ ಇಷ್ಟು ತುಟ್ಟಿ ಆದ್ರ ಏನ್ ಮಾಡ್ತಾರ ರಾಯಸಾಬ್? ಹುಮನಾಬಾದ ರಸ್ತಾದಾಗ ಎಷ್ಟೋ ಕಡೆ ಮಿಕ್ಸ್ ಮಾಡಿ ಕೊಡ್ತಾರ. ಇಂಜಿನ್ ಖರಾಬ ಆಗ್ತದ, ಆದ್ರ ಮಾಲಕಗ ಅದು ಆಮ್ಯಾಲಿನ ಮಾತು."

"ಎಣ್ಣಿ ಎಲ್ಲಿಂದ ತರ್ತಾರ?"

"ಇನ್ನೆಲ್ಲಿಂದ? ಮ್ಯಾಲಿಂದ ಬೀಳ್ತದೇನು? ಡಿಪೋದಿಂದಽ," ಎಂದು ವಹಾಬ್ ಬೀಡಿ ಹೊತ್ತಿಸಿದ. ಯಾವ ಡಿಪೋ ಎಂದು ಅವನು ಹೇಳಲಿಲ್ಲ. ರಾಯರು ಕೇಳಲೂ ಇಲ್ಲ.

ಮನೆಯಲ್ಲಿ ಸಾವಿತ್ರಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹಸಿ ಕಟ್ಟಿಗೆ ಊದುತ್ತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು.

"ಗ್ಯಾಸ ಬಂತೇನ್ರಿ ಮಾವ?"

"ಇಲ್ಲ."

"ಅತ್ತಿ ಇದ್ದಿದ್ರ ಡಿಪೋದಾಗ ಹೋಗಿ ಕೂತೇಬಿಡ್ತಿದ್ರು. ನೀವು ಬರೀ ಅವನ ಮಾರಿ ನೋಡಿ ಬರ್ತೀರಿ."

ಆ ಮಾತಿಗೆ ರಾಯರು ಅಂದೇ ಕಾಗದ ತೆಗೆದು ಅರ್ಜಿ ಬರೆದರು. ಊರಿನ ಅರ್ಧ ಜನಕ್ಕೆ ಪತ್ರ ಬರೆದುಕೊಟ್ಟ ಕೈ ಅದು. ಅಕ್ಷರ ಮುತ್ತಿನಂತಿತ್ತು. ಓಣಿಯವರ ರುಜು, ಹೆಬ್ಬೆಟ್ಟು ಹಾಕಿಸಿಕೊಂಡು ಮರುದಿನ ಬೆಳಿಗ್ಗೆ ಕಲಬುರಗಿಯ ಬಸ್ಸು ಹತ್ತಿದರು.

ಬಸ್ಸು ಕಪನೂರದಲ್ಲಿ ನಿಂತಿತು. ರಾಯರು ಕಿಟಕಿಯಿಂದ ನೋಡಿದರೆ ಕಾರ್ಖಾನೆಗಳ ಸಾಲಿನಲ್ಲಿ, ಒಂದು ಶೆಡ್ಡಿನ ಮುಂದೆ, ಮಾಣಿಕಪ್ಪ! ಟೆಂಪೋದಿಂದ ಇಳಿಸಿದ ಪೀಪಾಯಿಯೊಂದನ್ನು ಒಂದು ಕಾಲಿನಿಂದ ನೂಕುತ್ತ, ಉರುಳಿಸುತ್ತ, ಶೆಡ್ಡಿನವನ ಜೊತೆ ನಗುತ್ತ ಒಳಗೆ ಹೋಗುತ್ತಿದ್ದ. ಪೀಪಾಯಿಯ ಮೇಲೆಲ್ಲ ನೀಲಿ ಕಲೆ.

ರಾಯರ ಮೈ ಜುಂ ಎಂದಿತು. ದುಃಖವಲ್ಲ, ಸಿಟ್ಟೂ ಅಲ್ಲ. ಹೆಂಡತಿ ಹೋದ ಮೇಲೆ ಮೊದಲ ಸಲ ಅವರಿಗೆ ಒಂದು ಬಗೆಯ ಸಂತೋಷವಾಗಿತ್ತು. ಬಸ್ಸಿನಲ್ಲೇ ಕಾಗದ ತೊಡೆಯ ಮೇಲಿಟ್ಟುಕೊಂಡು ಅರ್ಜಿಯ ಕೊನೆಗೆ ಸೇರಿಸಿದರು: 'ಸದರಿ ಮಾಣಿಕಪ್ಪನು ಕಪನೂರದಲ್ಲಿ ಎಣ್ಣೆಯ ಪೀಪಾಯಿ ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.'

ಸ್ಟೇಶನ್ ಬಜಾರದ ಹಿಂದಿನ ಆಹಾರ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ ಅರ್ಜಿ ಓದಿ, ಯಾವುದೋ ಕಡತ ತೆಗೆದು ನೋಡಿದ.

"ನಿಮ್ಮ ಓಣಿ ಪೂರಾ ಸಿಲಿಂಡರ ಇದ್ದವರು ಅಂತ ಬರದು ಬಂದದಲ್ರಿ. ವೈಶಾಖದಾಗ ಮನಿಮನಿ ಸರ್ವೆ ಆತಲ್ಲ, ಆವಾಗ. ಸಿಲಿಂಡರ ಇದ್ದವರಿಗಿ ಎಣ್ಣಿ ಬಂದ್."

"ಸಿಲಿಂಡರ? ನಮ್ಮ ಓಣ್ಯಾಗ? ಇಡೀ ಓಣಿ ಹುಡುಕಿದ್ರ ಒಂದು ಸಿಲಿಂಡರ ಇಲ್ಲ! ಯಾರು ಬರಸಿದ್ದು?"

"ಅದು ನೀವು ಹೇಳಬೇಕು."

ಹೇಳುವುದೇನು ಉಳಿದಿತ್ತು? ರಾಯರಿಗೆ ಎಲ್ಲವೂ ಒಂದಕ್ಕೊಂದು ಕೂಡಿತು. ಸರ್ವೆಯವನಿಗೆ ಮಾಣಿಕಪ್ಪನೇ ಸುಳ್ಳು ಬರೆಸಿದ್ದಾನೆ. ಓಣಿಯ ಎಣ್ಣೆ ಉಳಿಸಿ, ಒಳದಾರಿಯಿಂದ ಪೀಪಾಯಿ ತುಂಬಿಸಿ ಕಪನೂರಕ್ಕೆ ಸಾಗಿಸುತ್ತಿದ್ದಾನೆ. ಅದನ್ನೂ ಅರ್ಜಿಯಲ್ಲಿ ಬರೆದುಕೊಟ್ಟರು. ಕಾರ್ತಿಕದಲ್ಲಿ ವಿಚಾರಣೆಗೆ ರಾಯರೂ ಮಾಣಿಕಪ್ಪನೂ ಬರಬೇಕೆಂದು ಕಚೇರಿಯವರು ತಿಳಿಸಿದರು. ಆರೋಪ ನಿಜವೆಂದು ಕಂಡರೆ ಡಿಪೋ ಕಿತ್ತುಕೊಂಡು ಪೊಲೀಸರಿಗೆ ಒಪ್ಪಿಸುವುದೇ ಎಂದು ಗುಮಾಸ್ತ ಬಾಗಿಲವರೆಗೆ ಬಂದು ಹೇಳಿದ.

ನೋಟೀಸು, ಅದರ ಜೊತೆ ಅರ್ಜಿಯ ನಕಲು ಮುಟ್ಟಿದ ದಿನ ಮಾಣಿಕಪ್ಪ ರಾಯರ ಅಂಗಳಕ್ಕೆ ಬಂದ. ಅವನ ಅಪ್ಪ ಗೊನೆ ಇಳಿಸುತ್ತಿದ್ದ ಜಾಗದಲ್ಲಿ ನಿಲ್ಲಲಿಲ್ಲ, ಕಟ್ಟೆಯವರೆಗೂ ಬಂದ.

"ನೀವೇ ಬರದದ್ದಂತಲ್ರಿ ರಾಯರ. ಅಕ್ಷರ ನೋಡಿದಕೂಡ್ಲೆ ಗುರ್ತ ಹಿಡದೆ. ನಾ ಕೆಲಸಕ್ಕ ಅರ್ಜಿ ಹಾಕುವಾಗ ನೀವೇ ಬರಕೊಟ್ಟಿದ್ರಿ."

"ಆವಾಗ ನೀ ಬ್ಯಾರೆ ಇದ್ದಿ."

"ನಾ ಅವನೇ ಇದ್ದೀನ್ರಿ. ಡಿಪೋ ಹೋದ್ರ ಹೋಗ್ಲಿ, ಕೂಲಿ ಮಾಡ್ತೀನಿ, ನಮ್ಮಪ್ಪ ಮಾಡ್ಯಾನ. ಆದ್ರ ಕಳ್ಳ ಅನ್ನಿಸಿಕೊಂಡು ಹೋದ್ರ ನಮ್ಮ ಕೇರಿಯವರ ಕೈಯಾಗ ಮತ್ತ ಯಾರೂ ಡಿಪೋ ಕೊಡಂಗಿಲ್ಲ. ಅದಕ್ಕ ಬಂದೀನಿ."

"ಕಪನೂರದಾಗ ಏನು ಮಾಡ್ಲಿಕತ್ತಿದ್ದಿ?"

ಮಾಣಿಕಪ್ಪ ಅವರನ್ನೇ ನೋಡಿದ. "ಅದನ್ನ ಬರಿಯೂಕಿಂತ ಮೊದಲು ಕೇಳಿದ್ರ ಹೇಳ್ತಿದ್ದೆ. ಈಗ ಆಫೀಸಿನಾಗ ಹೇಳ್ತೀನಿ." ಹೊರಟವನು ತಿರುಗಿ ನಿಂತ. "ಬಾಯಾರು ಇದ್ದಿದ್ರ ನಿಮ್ಮ ಕೈಲೆ ಇದನ್ನ ಬರೀಲಿಕ್ಕೆ ಬಿಡ್ತಿದ್ದಿಲ್ಲ."

"ಆಕಿ ಹೆಸರು ನಿನ್ನ ಬಾಯಾಗ ಬರಬಾರದು!" ಎಂದು ರಾಯರು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ರಾಯರು ಒಳಗೆ ಚಾಪೆಯ ಮೇಲೆ ಮಲಗಿದ್ದರು. ಹೊರಗೆ ಕಟ್ಟೆಯ ಮೇಲೆ ಸಾವಿತ್ರಿ ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ವಹಾಬನ ಹೆಂಡತಿ ಕುಲ್ಸುಮ್ ಕೂತಿದ್ದಳು. ಕಿಟಕಿ ತೆರೆದಿತ್ತು.

"ಈ ಕಟ್ಟಿ ನೋಡಿದ್ರ ಬಾಯಾರ ನೆನಪ ಬರ್ತದವ್ವ," ಎಂದಳು ಕುಲ್ಸುಮ್. "ಯಾರ ಬಂದ್ರೂ ಮಜ್ಜಿಗಿ ಕೊಡದ ಕಳಸ್ತಿದ್ದಿಲ್ಲ. ಬ್ಯಾಸಗ್ಯಾಗ ಒಬ್ಬಾಂವ ಬ್ಯಾಗ ಹಾಕ್ಕೊಂಡು ಬಂದಿದ್ದಲ್ಲ, ಮೈಸೂರ ಕಡೆಯಾಂವ. ಬಿಸಲಾಗ ಬಾಡಿ ಬದನಿಕಾಯಿ ಆಗಿದ್ದ. ಎರಡು ಚರಗಿ ಮಜ್ಜಿಗಿ ಕುಡದ. ಕುಡದು, 'ಅಮ್ಮಾ, ನಿಮ್ಮ ಮನೇಲಿ ಗ್ಯಾಸ್ ಇದೆಯಾ' ಅಂದ."

"ಅತ್ತಿ ಏನಂದ್ರು?"

"ಏನಂತಾರ? 'ಅಯ್ಯ, ಗ್ಯಾಸಿಲ್ಲದ ಮನಿ ಯಾವದಪ್ಪ? ಗ್ಯಾಸಿಲ್ಲದ ಒಲಿ ಹ್ಯಾಂಗ ಹೊತ್ತಸೂದು? ನಮ್ಮ ಮನ್ಯಾಗ ಒಂದೇ ಅಲ್ಲ, ಈ ಓಣ್ಯಾಗ ಎಲ್ಲಾರ ಮನ್ಯಾಗೂ ಅದ, ಬರಕೋ. ನಾವೇನು ಬಯಲಿಗಿ ಬಿದ್ದಿಲ್ಲ' ಅಂದ್ರು. ಅವನಿಗಿ ಖುಷಿ ಆತು. ಮನಿಮನಿ ತಿರಗೂದು ತಪ್ಪಿತಲ್ಲ! ಇಲ್ಲೇ ಕೂತು ಎಲ್ಲಾ ಬರಕೊಂಡು ಹೋದ."

ಸಾವಿತ್ರಿ ನಕ್ಕಳು. ಕುಲ್ಸುಮ್ ಸೆರಗಿನಿಂದ ಕಣ್ಣೊರಸಿಕೊಂಡಳು. ಇಬ್ಬರಿಗೂ ಅದು ಹೋದವರ ಒಂದು ನೆನಪು, ಅಷ್ಟೆ.

ಒಳಗೆ ರಾಯರು ಎದ್ದು ಕೂತಿದ್ದರು.

ಗ್ಯಾಸ್ ಇದೆಯಾ ಎಂದು ಆ ಸರ್ವೆಯವನು ಸಿಲಿಂಡರ್ ಕೇಳಿದ್ದ. ಹೆಂಡತಿ ಎಣ್ಣೆಯ ಮಾತು ಹೇಳಿದ್ದಳು. ಪರಊರಿನವನ ಮುಂದೆ ಓಣಿಯ ಮಾನ ಹೋಗಬಾರದೆಂದು, ಕೆಲವರ ಡಬ್ಬಿ ಬರಿದಾಗಿದ್ದರೂ ಎಲ್ಲರ ಮನೆಯಲ್ಲೂ ಇದೆ ಎಂದಿದ್ದಳು.

ಮೊದಲು ಅವರಿಗೆ ಬಂದದ್ದೂ ಅನುಮಾನವೇ. ಈ ಕುಲ್ಸುಮಳಿಗೆ ಮಾಣಿಕಪ್ಪ ಕಲಿಸಿ ಕಳಿಸಿದ್ದಾನೆಯೇ? ತಾನು ಒಳಗಿರುವುದು ತಿಳಿದೇ ಹೇಳಿದಳೇ? ಆದರೆ ಯಾರು ಏನು ಕಲಿಸಿದರೂ 'ನಾವೇನು ಬಯಲಿಗಿ ಬಿದ್ದಿಲ್ಲ' ಎಂಬ ಆ ಒಂದು ಮಾತನ್ನು ಕಲಿಸಲಾರರು. ಮಗನ ಮದುವೆಯಲ್ಲಿ ಬೀಗರಿಗೆ ಹೇಳಿದ್ದು, ತಮ್ಮ ಪೆನ್ಶನ್ ತಡವಾದಾಗ ತಮಗೇ ಹೇಳಿದ್ದು, ಜ್ವರ ಏರಿದಾಗ ದವಾಖಾನೆ ಬೇಡವೆಂದು ಹೇಳಿದ್ದು ಅದೇ ಮಾತು. ಮೂರು ತಿಂಗಳು ಕೇಳದಿದ್ದ ಅವಳ ದನಿ ಕಿಟಕಿಯಿಂದ ಒಳಗೆ ಬಂದು ಹೋದಂತಾಯಿತು.

ಆ ಸಂಜೆ ರಾಯರು ದೇವರ ಮನೆ ಬಿಟ್ಟು ಏಳಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ, ಪಾರ್ವತೀಬಾಯಿಯ ಬಾಯಿಂದಲೇ ನಮ್ಮ ಎಣ್ಣೆ ಹೋಯಿತು ಎಂದು ಓಣಿಯ ಹೆಂಗಸರು ನೀರಿನ ನಲ್ಲಿಯ ಹತ್ತಿರ ಆಡಿಕೊಳ್ಳುತ್ತಾರೆ. ಸತ್ತವಳು ಬಂದು ಉತ್ತರ ಕೊಡಲಾರಳು. ಅವಳ ಹೆಸರು ಕಾಯುವವರು ಇನ್ನು ತಾವೊಬ್ಬರೇ. ಪೀಪಾಯಿಯನ್ನಂತೂ ಕಣ್ಣಾರೆ ನೋಡಿದ್ದೇ ಅಲ್ಲವೇ? ಅಷ್ಟನ್ನೇ ಹೇಳಿ ಬಂದರೆ ಸುಳ್ಳಾಗುವುದಿಲ್ಲ.

ಹಾಗೆಂದುಕೊಂಡಾಗ ಆ ಪೀಪಾಯಿ ಮತ್ತೆ ಕಣ್ಣ ಮುಂದೆ ಬಂತು. ಮಾಣಿಕಪ್ಪ ಅದನ್ನು ಒಂದು ಕಾಲಿನಿಂದ ನೂಕಿದ್ದ. ನಗುತ್ತ, ಮಾತಾಡುತ್ತ, ಚೆಂಡಿನಂತೆ. ತುಂಬಿದ ಪೀಪಾಯಿಯನ್ನು ಯಾರಾದರೂ ಒಂದು ಕಾಲಿನಿಂದ ನೂಕುತ್ತಾರೆಯೇ? ಅಂದು ಕಣ್ಣು ನೋಡಿತ್ತು, ಮನಸ್ಸು ನೋಡಗೊಟ್ಟಿರಲಿಲ್ಲ.

ಮುಂದಿನ ವಾರ ಅವಳ ಮಾಸಿಕ ಶ್ರಾದ್ಧ. ನರಸಿಂಹ ಅವಳ ಹೆಸರು ಹೇಳಿ ಪಿಂಡ ಇಡುವಾಗ ಎಳ್ಳುನೀರು ಎತ್ತಿಕೊಡುವ ಕೈ ಇದು. ಇದೇ ಕೈ ನಾಳೆ ಒಬ್ಬ ನಿರಪರಾಧಿಯ ಅನ್ನ ಕಸಿದರೆ ಆ ಪಿಂಡ ಅವಳಿಗೆ ಮುಟ್ಟುವುದೇ? ರಾಯರು ನಂದಾದೀಪಕ್ಕೆ ಎಣ್ಣೆ ಹಾಕಿ, ಬಹಳ ಹೊತ್ತು ಬತ್ತಿ ಸರಿಮಾಡುತ್ತ ಕೂತರು.

ಮರುದಿನ ಕಚೇರಿಯಲ್ಲಿ ಸಾಹೇಬರು ಚಿಕ್ಕ ವಯಸ್ಸಿನವರು, ಬೆಂಗಳೂರಿನ ಕಡೆಯವರು. ಅರ್ಜಿ ತೆರೆದು, "ಕಣ್ಣಾರೆ ಕಂಡಿದ್ದೇನೆ ಅಂತ ಬರೆದಿದ್ದೀರಿ. ಇದೇ ಮುಖ್ಯ. ಇದನ್ನ ಇಲ್ಲಿ ಹೇಳಿ, ರುಜು ಮಾಡಿ. ಮುಂದಿನದು ನಾವು ನೋಡಿಕೊಳ್ತೇವೆ," ಎಂದರು. ಮಾಣಿಕಪ್ಪ ಗೋಡೆಯ ಪಕ್ಕದಲ್ಲಿ ನಿಂತಿದ್ದ.

"ಪೀಪಾಯಿ ನೋಡಿದ್ದು ಖರೆ," ಎಂದರು ರಾಯರು. "ಆದ್ರ ಅದು ಖಾಲಿ ಇತ್ತು. ಕಾಲಿಲೆ ಉರುಳಿಸ್ಲಿಕತ್ತಿದ್ದ. ಖಾಲಿ ಅಂತ ನಾ ಬರೀಲಿಲ್ಲ."

ಮಾಣಿಕಪ್ಪ ತಲೆಯೆತ್ತಿದ. "ತಳ ಸೋರ್ತಿತ್ರಿ ಸಾಹೇಬರ. ಬೆಸಿಗಿ ಹಾಕಸಲಿಕ್ಕೆ ಒಯ್ದಿದ್ದೆ."

"ಮತ್ತೆ ಗ್ಯಾಸ್ ಸಂಪರ್ಕ ಇದೆ ಅಂತ ಇವನು ಸುಳ್ಳು ಬರೆಸಿದ ಅಂತ ಇದೆಯಲ್ಲ?"

"ಸಾಹೇಬರ, ಗ್ಯಾಸ್ ಅಂದ್ರ ನಿಮ್ಮ ಕಡೆ ಏನು?"

"ಏನಂದ್ರೆ? ಗ್ಯಾಸ್. ಸಿಲಿಂಡರ್."

"ನಮ್ಮ ಕಡೆ ಗ್ಯಾಸ ಅಂದ್ರ ಚಿಮಣಿಗಿ ಹಾಕೂ ಎಣ್ಣಿ."

ಬಾಗಿಲಲ್ಲಿ ನಿಂತಿದ್ದ ಜವಾನ ಹುಸೇನ ಫಕ್ಕನೆ ನಕ್ಕುಬಿಟ್ಟ. "ಹೌದ್ರಿ ಸಾಹೇಬರ. ನಮ್ಮ ಮನ್ಯಾಗೂ ಗ್ಯಾಸೆಣ್ಣಿ ಅಂತಾರ. ನನ್ನ ಹೆಂಡತಿನ್ನ ಕೇಳಿದ್ರೂ ಅದ ಅಂತಾಳ, ಸಿಲಿಂಡರ ಮಾತ್ರ ಕನಸಿನ್ಯಾಗೂ ಕಂಡಿಲ್ಲ."

ಸಾಹೇಬರು ನಗಲಿಲ್ಲ. "ಸರಿ. ಸರ್ವೆಯವರಿಗೆ ಹಾಗೆ ಹೇಳಿದ್ದು ಯಾರು? ಹೆಸರು ಬೇಕು, ಬರೆದುಕೊಳ್ಳಬೇಕು. ಇಲ್ಲದಿದ್ದರೆ ಡಿಪೋದವನ ಮೇಲೆಯೇ ಬರುತ್ತೆ."

ರಾಯರು ಹೆಗಲ ಮೇಲಿನ ಉತ್ತರೀಯ ಸರಿಮಾಡಿಕೊಂಡರು.

"ಪಾರ್ವತೀಬಾಯಿ. ನನ್ನ ಹೆಂಡತಿ."

"ಅವರನ್ನ ಕರೆಸಬೇಕಾಗುತ್ತೆ."

"ಕರಸಲಿಕ್ಕೆ ಆಗೂದಿಲ್ಲ. ಶ್ರಾವಣದಾಗ ಹೋದಳು. ಆಕಿ ಹೇಳಿದ ಮಾತು ನಾ ಹೇಳ್ತೀನಿ, ಹಂಗೇ ಬರಕೋರಿ." ರಾಯರು ಅಂಚೆ ಕಚೇರಿಯಲ್ಲಿ ತಂತಿ ಓದಿ ಹೇಳುತ್ತಿದ್ದ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. 'ನಾವೇನು ಬಯಲಿಗಿ ಬಿದ್ದಿಲ್ಲ' ಎಂಬಲ್ಲಿಗೆ ಬಂದಾಗ ದನಿ ಒಡೆಯಿತು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, ಅದನ್ನೂ ಬರೆಯಬೇಕೇ ಎಂದು ಸಾಹೇಬರ ಕಡೆ ನೋಡಿದ. ಬರೆ ಎಂದು ಅವರು ಕೈಯಾಡಿಸಿದರು.

ಮಾಣಿಕಪ್ಪನ ಮೇಲಿನ ದೂರು ಅಲ್ಲಿಗೆ ಮುಗಿಯಿತು. ರಾಯರು ಎದ್ದು, "ಹಂಗಾದ್ರ ನಮ್ಮ ಓಣಿಗಿ ಎಣ್ಣಿ?" ಎಂದರು.

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ನೋಡಿ ಯಜಮಾನರೇ, ಕಡಿತ ಆದ ಎಣ್ಣೆಯನ್ನ ಮೇಲಕ್ಕೆ ಉಳಿತಾಯ ಅಂತ ತೋರಿಸಿಯಾಗಿದೆ. ಈ ಜಿಲ್ಲೆ ಚೆನ್ನಾಗಿ ಉಳಿಸಿದೆ ಅಂತ ಮೆಚ್ಚುಗೆಯೂ ಬಂದಿದೆ. ಈಗ ತಪ್ಪಾಯಿತು, ವಾಪಸ್ ಕೊಡಿ ಅಂದರೆ... ಬರೆಯುತ್ತೇನೆ. ಸ್ವಲ್ಪ ದಿನ ಹಿಡಿಯುತ್ತೆ."

"ಉಳಿತಾಯ," ಎಂದರು ರಾಯರು. ಗ್ಯಾಸ ಅದ ಎಂದು ಮಾನಕ್ಕಾಗಿ ಹೇಳಿದ ಇಂಥ ಪಾರ್ವತೀಬಾಯಿಗಳು ಬೀದರ, ರಾಯಚೂರಿನ ಕಡೆ ಎಷ್ಟು ಕಟ್ಟೆಗಳ ಮೇಲೆ ಕೂತಿದ್ದರೋ, ಎಷ್ಟು ಓಣಿಗಳ ಒಲೆ ಆರಿಸಿ ಖಜಾನೆ ತುಂಬಿತೋ ಎಂಬ ಅನುಮಾನ ಅವರ ತಲೆ ಹೊಕ್ಕಿತು. ಈ ಅನುಮಾನಕ್ಕೆ ಅರ್ಜಿ ಎಲ್ಲಿ ಕೊಡಬೇಕೆಂದು ಮಾತ್ರ ತಿಳಿಯಲಿಲ್ಲ.

ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಸ್ಟೇಶನ್ ಬಜಾರದಲ್ಲಿ ಆಟೋಗಳ ಗದ್ದಲ. ಒಂದು ಹೋಟೆಲಿನ ಮುಂದೆ ರಾಯರು ನಿಂತರು. ಜೀವಮಾನದಲ್ಲಿ ಹೋಟೆಲಿನ ನೀರು ಮುಟ್ಟದವರು.

"ಎರಡು ಚಾ ಕೊಡಪ್ಪ," ಎಂದರು.

ಮಾಣಿಕಪ್ಪ ಎದುರಿನ ಲೋಟವನ್ನು ನೋಡಿದ, ರಾಯರ ಮುಖವನ್ನು ನೋಡಿದ. ಎರಡು ತಿಂಗಳು ರಾಯರು ಅವನನ್ನು ಹೇಗೆ ನೋಡಿದ್ದರೋ ಹಾಗೆಯೇ ನೋಡಿದ.

"ಯಾಕ್ರಿ ರಾಯರ? ಮತ್ತೇನು ಬರಿಯೂದು ಅದ?"

"ಏನಿಲ್ಲ. ಕುಡಿ."

"ನೀವು ಮೊದಲು ಕುಡೀರಿ."

ರಾಯರು ಕಣ್ಣು ಮುಚ್ಚಿ, ಒಳಗೇ ಒಂದು ನಾಮ ಹೇಳಿಕೊಂಡು, ಒಂದು ಗುಟುಕು ಕುಡಿದರು. ಬಿಸಿಗೆ ನಾಲಿಗೆ ಸುಟ್ಟಿತು. ಮಾಣಿಕಪ್ಪ ಅವರನ್ನೇ ನೋಡುತ್ತ ನಿಂತಿದ್ದ. ಅವನ ಲೋಟದ ಚಹದ ಮೇಲೆ ಕೆನೆ ಕಟ್ಟತೊಡಗಿತ್ತು. ಕಮಲಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಯೋಣವೆಂದು ರಾಯರು ಬೆಂಚಿನ ಮೇಲೆ, ಅವನಿಗೂ ಜಾಗ ಬಿಟ್ಟು, ಕೂತರು.